ಹೆನ್ಸ್‌ಬಿಯ ಬಾತಮ್ಮ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹೆನ್ಸ್‌ಬಿ ಪುರಸಭೆಯ ಅಧ್ಯಕ್ಷರಾದ ಶ್ರೀಮತಿ ವೆರಿನಾ ಹಾಲ್‌ಬೆಕ್ ಅವರೇ, ನೆರೆಯ ಥಾರ್ಲ್‌ಬಿಯಿಂದ ಈ ಮಂಜಿನಲ್ಲಿ ಕಾರು ಓಡಿಸಿಕೊಂಡು ಬಂದು, ನಮ್ಮ ಗಟ್ಟಿ ಕುರ್ಚಿಯನ್ನು ಮುಖ ಕಿವುಚದೆ ಸಹಿಸಿಕೊಂಡಿರುವ ಮುಖ್ಯ ಅತಿಥಿ ಶ್ರೀ ಕ್ರಿಸ್ಪಿನ್ ಲೇಕಾಕ್ ಅವರೇ, ವೇದಿಕೆಯ ಮೇಲೆ ಕೂರುವುದಿಲ್ಲವೆಂದು ಹಟ ಹಿಡಿದು ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತಿರುವ, ಇಂದಿನ ಸನ್ಮಾನಿತರೂ ನನ್ನ ಹೆಂಡತಿಯ ಅಕ್ಕನೂ ಆದ ಕುಮಾರಿ ಏವಿಸ್ ಗಾರ್ತ್ ಅವರೇ, ಸಂತೆಯ ಅಂಗಡಿಕಾರ ಮಿತ್ರರೇ, ಹಿಂದಿನ ಸಾಲುಗಳಲ್ಲಿ ಕುಳಿತು ಆಗಲೇ ಊಟದ ಮೇಜಿನ ಕಡೆ ಕಣ್ಣು ಹಾಯಿಸುತ್ತಿರುವ ಹಸಿದ ಬಾಂಧವರೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕೊಟ್ಟವರಿಗೂ ನನ್ನ ಪರಿಚಯವಿದೆ, ಆದ್ದರಿಂದ ಊಟವನ್ನು ಸಾಕಷ್ಟು ತಡವಾಗಿಯೇ ಇಟ್ಟಿದ್ದಾರೆ. ಈ ಧ್ವನಿವರ್ಧಕ ನನ್ನ ಅಂಗಡಿಯದು. ಕೀಚಲು ದನಿ ಬಂದರೆ ನಾಳೆ ಕಬ್ಬಿಣದ ಸಾಮಾನಿನ ಅಂಗಡಿಗೆ ಬಂದು ರೋಲಂಡ್ ಪಾಸ್ಕ್ ಎಂಬವನಿಗೆ ಬೈಯಿರಿ.

ಏವಿಸ್ ಅವರು ನಮ್ಮ ಊರಿನ ವಸ್ತುಸಂಗ್ರಹಾಲಯವನ್ನು ನೋಡಿಕೊಂಡು ಬಂದವರು. ಇಂದು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತಿನ ಬಗ್ಗೆ ಅಧ್ಯಕ್ಷರು ಹೇಳಿದರು, ಶಿಸ್ತಿನ ಬಗ್ಗೆ ಅತಿಥಿಗಳು ಹೇಳಿದರು. ನನಗೆ ಉಳಿದದ್ದೇನು? ನನಗೆ ಉಳಿದದ್ದು ಬಾತಮ್ಮ. ಬಾತಮ್ಮನ ಬಗ್ಗೆ ಹೇಳದೆ ಏವಿಸ್ ಅವರ ಬಗ್ಗೆ ಹೇಳಲು ಬರುವುದಿಲ್ಲ. ನನ್ನ ಹೆಂಡತಿ ಥೆಲ್ಮಾಳ ಬಗ್ಗೆಯೂ ಹೇಳಲು ಬರುವುದಿಲ್ಲ.

ಪ್ರವಾಸಿಗಳು ಬಸ್ಸಿನಿಂದ ಇಳಿದ ಕೂಡಲೇ ಏನು ಕೇಳುತ್ತಾರೆಂದು ನಿಮಗೆಲ್ಲ ಗೊತ್ತು. ಮೊದಲ ಪ್ರಶ್ನೆ, ಶೌಚಾಲಯ ಎಲ್ಲಿದೆ? ಎರಡನೆಯ ಪ್ರಶ್ನೆ, ಕೋಟೆ ಎಲ್ಲಿದೆ? ಮೊದಲನೆಯದಕ್ಕೆ ನಮ್ಮಲ್ಲಿ ಉತ್ತರವಿದೆ. ಎರಡನೆಯದಕ್ಕೆ ಥಾರ್ಲ್‌ಬಿಯ ದಾರಿ ತೋರಿಸಬೇಕು. ಲೇಕಾಕ್ ಅವರು ನಗುತ್ತಿದ್ದಾರೆ. ಕೋಟೆ ಇರುವವರು ನಗಬಹುದು. ನಮಗಿದ್ದದ್ದು ಮಂಗಳವಾರದ ಸಂತೆ, ಸಂತೆಯ ನಡುವೆ ಹಿಂದೆ ಬೆಣ್ಣೆ ಮಾರುತ್ತಿದ್ದ, ಕಂಬಗಳ ಮೇಲೆ ಮಾಡು ನಿಂತ ಹಳೆಯ ಬೆಣ್ಣೆಕಟ್ಟೆ, ಸ್ವಲ್ಪ ವಾಲಿದ ಚರ್ಚಿನ ಗೋಪುರ, ಮತ್ತು ಒಂದು ಕಾಲದಲ್ಲಿ ಕುಡುಕರನ್ನು ಕೂಡಿಹಾಕುತ್ತಿದ್ದ ಎರಡು ಕೋಣೆಯ ಬಂದೀಖಾನೆ. ಆ ಬಂದೀಖಾನೆಯೇ ಈಗಿನ ವಸ್ತುಸಂಗ್ರಹಾಲಯ. ಅದರ ಎದುರಿಗೆ, ಸಂತೆ ಬಯಲಿನ ಆಚೆ ಬದಿಗೆ, ಗಾರ್ತ್ ಅವರ ಬೇಕರಿ. ಆ ಬೇಕರಿಯಲ್ಲಿದ್ದಳು ಬಾತಮ್ಮ.

ಅದೊಂದು ಅಚ್ಚು. ಶುಂಠಿ ಬಿಸ್ಕತ್ತು ಒತ್ತುವ ಮರದ ಅಚ್ಚು. ಮೊಣಕೈ ಉದ್ದದ ಹಲಗೆಯಲ್ಲಿ ಕೊರೆದ ಚಿತ್ರ: ಹೆಬ್ಬಾತಿನ ಬೆನ್ನ ಮೇಲೆ ಅಡ್ಡ ಕುಳಿತ ಹೆಂಗಸು, ತಲೆಯ ಮೇಲೆ ಕಿರೀಟ, ಮಡಿಲಲ್ಲಿ ಸಂತೆಯ ಬುಟ್ಟಿ. ಬಹಳ ಹಿಂದೆ ಯಾವಳೋ ರಾಣಿ ಈ ದಾರಿಯಲ್ಲಿ ಹೋಗುತ್ತಾಳೆಂದು ನಮ್ಮವರು ಸಾರೋಟಿನ ಮೇಲೆ ಕುಳಿತ ರಾಣಿಯನ್ನು ಕೊರೆಸಲು ಹೊರಟಿದ್ದರಂತೆ. ರಾಣಿ ಥಾರ್ಲ್‌ಬಿಯ ದಾರಿ ಹಿಡಿದಳು. ಬಂದ ಸಿಟ್ಟಿಗೆ ನಮ್ಮವರು ಸಾರೋಟಿನ ಬದಲು ಬಾತು ಕೊರೆಸಿದರಂತೆ. ನನ್ನ ಮಾವ, ಅಂದರೆ ಬೇಕರಿಯ ಹಿರಿಯ ಗಾರ್ತ್ ಅವರು, ಈ ಕಥೆಯನ್ನು ಹೇಳಿ ಹೇಳಿ ಬಿಸ್ಕತ್ತು ಮಾರುತ್ತಿದ್ದರು. ಏವಿಸ್ ಅವರು ಇದಕ್ಕೆ ಆಧಾರವಿಲ್ಲ ಎನ್ನುತ್ತಾರೆ. ಈಗಲೂ ತಲೆಯಾಡಿಸುತ್ತಿದ್ದಾರೆ, ನೋಡಿ. ಆಧಾರವಿರಲಿಲ್ಲ, ಒಪ್ಪಿದೆ. ಬಿಸ್ಕತ್ತು ಮಾತ್ರ ಚೆನ್ನಾಗಿತ್ತು.

ಅದು ನನಗೆ ಹೇಗೆ ಗೊತ್ತು? ನಾನು ಹರೆಯದಲ್ಲಿ ಪ್ರತಿ ಮಂಗಳವಾರ ಆ ಬೇಕರಿಗೆ ಹೋಗುತ್ತಿದ್ದೆ. ಶುಂಠಿ ನನಗೆ ಆಗುವುದಿಲ್ಲ, ಎದೆ ಉರಿಯುತ್ತದೆ. ಆದರೂ ಹೋಗುತ್ತಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬಳು ಹುಡುಗಿ ಪುಸ್ತಕ ಓದುತ್ತ ಕೂರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಇನ್ನೊಬ್ಬಳು ತೂಗಿ, ಕಟ್ಟಿ, ಚಿಲ್ಲರೆ ಕೊಟ್ಟು, ಮಳೆ ಬರಬಹುದು ಎಂದು ಹೇಳಿ ಕಳಿಸುತ್ತಿದ್ದಳು. ಒಂದು ಮಂಗಳವಾರ ಧೈರ್ಯ ಮಾಡಿ, ಓದುವ ಹುಡುಗಿಯ ಮುಂದೆ ನಿಂತು ಕೇಳಿದೆ:

“ಭಾನುವಾರ ಥಾರ್ಲ್‌ಬಿ ಕೋಟೆ ನೋಡೋಕೆ ಹೋಗೋಣ್ವಾ?”

ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದಳು: “ಅಲ್ಲಿ ನೋಡೋಕೆ ಏನಿಲ್ಲ. ಯುದ್ಧದಲ್ಲಿ ಎಲ್ಲಾ ಬಿದ್ದೋಯ್ತು. ಒಂದು ಮೆಟ್ಟಿಲು ಸಾಲಿದೆ, ಅಷ್ಟೇ.” ಹೇಳಿ ಹಾಳೆ ತಿರುಗಿಸಿದಳು.

ತೂಗುತ್ತಿದ್ದವಳು ತಕ್ಕಡಿ ಕೆಳಗಿಟ್ಟು, “ನಾನು ಆ ಮೆಟ್ಟಿಲು ನೋಡಿಲ್ಲ. ನಾನು ಬರ್ತೀನಿ,” ಎಂದಳು.

ಹೀಗೆ ನನ್ನ ಮದುವೆಯಾಯಿತು. ಥೆಲ್ಮಾ ನನ್ನ ಬಾಳಿನ ಭಾಗ್ಯ. ಇದನ್ನು ನಾನು ನೂರು ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ. ಮೆಟ್ಟಿಲ ಸಾಲೂ ಚೆನ್ನಾಗಿತ್ತು, ಲೇಕಾಕ್ ಅವರೇ.

ಎಲ್ಲಿದ್ದೆ? ಮಾವನವರು. ಮಾವನವರು ಹಾಸಿಗೆ ಹಿಡಿದಾಗ ಹಗಲಿರುಳು ನೋಡಿಕೊಂಡವರು ಏವಿಸ್. ಭಟ್ಟಿ ಆರದಂತೆ, ಅಂಗಡಿ ಮುಚ್ಚದಂತೆ ನೋಡಿಕೊಂಡವಳು ಥೆಲ್ಮಾ. ಕೊನೆಯಲ್ಲಿ ಅವರು ಇಷ್ಟೇ ಹೇಳಿದರು: “ಬಾತಮ್ಮ ಹುಡುಗೀರದ್ದು.” ಯಾವ ಹುಡುಗಿಯದ್ದು? ಹೇಳಲಿಲ್ಲ. ಅವರಿಗೆ ಇಬ್ಬರೂ ಸೇರಿ ಒಂದೇ ಎಂಬಂತಿತ್ತು, ಪಾಪ.

ಶವಸಂಸ್ಕಾರ ಮುಗಿಸಿ ಬಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಏವಿಸ್ ಅಚ್ಚನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಿದರು.

“ಥೆಲ್ಮಾ, ಬೆನ್ನ ಮೇಲೆ ಬಿರುಕು ನೋಡು. ಒಂದೊಂದು ಸಲ ಒತ್ತಿದಾಗ್ಲೂ ಕೂದಲೆಳೆಯಷ್ಟು ಬೆಳೀತಿದೆ. ಗಾಜಿನ ಪೆಟ್ಟಿಗೇಲಿ ಇಟ್ರೆ ನಮ್ಮ ನಂತರದವರೂ ನೋಡ್ತಾರೆ.”

“ನೋಡಿ ಏನ್ಮಾಡ್ತಾರೆ? ಅಪ್ಪ ಅದನ್ನ ಹಿಟ್ಟಿಗೆ ಅಂತ ಇಟ್ಕೊಂಡಿದ್ರು.”

“ಒಡೆದ್ಮೇಲೆ ಯಾವ ಹಿಟ್ಟಿಗೆ ಒತ್ತುತ್ತೀಯ?”

“ಗಾಜಿನೊಳಗೆ ಇಟ್ರೆ ಇವತ್ತೇ ಒಡೆದಂಗೆ.”

“ಅಪ್ಪನ್ನ ನೋಡ್ಕೊಂಡೋಳು ನಾನು.”

“ಅಪ್ಪನ ಅಂಗಡಿ ನೋಡ್ಕೊಂಡೋಳು ನಾನು.”

ಸಭಿಕರೇ, ಅಲ್ಲಿಗೆ ಮಾತು ಅಚ್ಚನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ನಾನು ಮಾಳಿಗೆಯ ತೊಲೆ ನೋಡುತ್ತ ನಿಂತಿದ್ದೆ. ಒಳ್ಳೆಯ ತೊಲೆ. ಏವಿಸ್ ಅಚ್ಚನ್ನು ಗೋಡೆಯ ಮೊಳೆಗೆ ಮತ್ತೆ ನೇತುಹಾಕಿ, ಕೋಟು ಹಾಕಿಕೊಂಡು ಹೊರಟುಹೋದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತು.

ಮಾತು ನಿಂತಿತು ಎಂದರೆ ನೇರ ಮಾತು ನಿಂತಿತು. ನನ್ನ ಮೂಲಕ ಧಾರಾಳವಾಗಿ ನಡೆಯಿತು. ವರ್ಷಗಟ್ಟಲೆ ನಾನು ಸಂತೆ ಬಯಲನ್ನು ಆ ಕಡೆಯಿಂದ ಈ ಕಡೆಗೆ ದಾಟಿದೆ. “ನಮ್ಮಕ್ಕಂಗೆ ಹೇಳು, ಅವಳ ಬಂದೀಖಾನೆ ಮುಂದಿನ ಎಲೆಯೆಲ್ಲಾ ಗಾಳಿಗೆ ನನ್ನ ಅಂಗಡಿಯೊಳಗೆ ಬರ್ತಿದೆ.” ದಾಟಿದೆ. “ನಿನ್ನ ಹೆಂಡ್ತಿಗೆ ಹೇಳು, ಎಲೆ ಮರದ್ದು, ಮರ ಪುರಸಭೆದು.” ದಾಟಿದೆ. ಒಂದು ಚಳಿಗಾಲದಲ್ಲಿ ಥೆಲ್ಮಾ ಮುಚ್ಚಿದ ಪಾತ್ರೆಯೊಂದನ್ನು ನನ್ನ ಕೈಗಿತ್ತಳು. “ಅವಳು ಕೆಮ್ಮಿದ್ದು ಇಲ್ಲಿಗೆ ಕೇಳಿಸ್ತು. ಈ ಕೋಳಿ ಸಾರು ಕೊಟ್ಬಾ. ನಾನು ಕೊಟ್ಟೆ ಅನ್ಬೇಡ ಮತ್ತೆ.” ಏವಿಸ್ ಒಂದು ಚಮಚ ಕುಡಿದು, “ಉಪ್ಪು ಜಾಸ್ತಿ. ಯಾರು ಮಾಡಿದ್ದು ಅಂತ ನಾನು ಕೇಳಲ್ಲ,” ಎಂದು ಪಾತ್ರೆ ಬರಿದು ಮಾಡಿ ಕಳಿಸಿದರು.

ಬಂದೀಖಾನೆಯ ಬಾಗಿಲಿಗೆ ಬಂದಾಗ ನಾನು ಒಮ್ಮೆ ನಿಂತು ಟೈ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ವಸ್ತುಸಂಗ್ರಹಾಲಯವೆಂದರೆ ಗೌರವದ ಜಾಗ, ಅಲ್ಲವೇ? ಹಿಂದೆ ಯಾರೋ ನಗುತ್ತಿದ್ದೀರಿ. ನಗುವಂಥದ್ದೇನಿದೆ? ಬೇರೆ ಅಂಗಡಿಗಳಿಗೆ ಹೋಗುವಾಗಲೂ ನಾನು ಟೈ ಸರಿಮಾಡಿಕೊಳ್ಳುತ್ತೇನೆ. ಮುಂದಕ್ಕೆ ಹೋಗೋಣ.

ಏವಿಸ್ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದರು, ಒಳಗೆ ಹಸಿರು ಮಖಮಲ್ಲು. ಅದು ಖಾಲಿ. ದಿನವೂ ಒರೆಸುತ್ತಿದ್ದರು. ಅದರ ಮುಂದೆ ಒಂದು ಫಲಕ: “ಈ ಸ್ಥಳ ಬಾತಮ್ಮನಿಗೆ ಮೀಸಲು. ಸದ್ಯ ಆಕೆಯನ್ನು ಎದುರಿನ ಬೇಕರಿಯಲ್ಲಿ ದುಡಿಸಲಾಗುತ್ತಿದೆ.” ಇದನ್ನು ಓದಿದ ಪ್ರವಾಸಿಗಳು ಕುತೂಹಲದಿಂದ ಬಯಲು ದಾಟಿ ಬೇಕರಿಗೆ ಬಂದರು. ಥೆಲ್ಮಾಳಿಗೆ ಸುದ್ದಿ ಮುಟ್ಟಿತು. ಮಾರನೆಯ ದಿನ ಬೇಕರಿಯ ಹೊರಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: “ಬಾತಮ್ಮ ಇಲ್ಲಿ ಆರೋಗ್ಯವಾಗಿದ್ದಾಳೆ. ಖಾಲಿ ಪೆಟ್ಟಿಗೆ ನೋಡಬೇಕೆನಿಸಿದರೆ ಎದುರು ಬಾಗಿಲು.”

ಕೋಟೆಯಿಲ್ಲದ ಊರಿಗೆ ಆಕರ್ಷಣೆ ಸಿಕ್ಕಿತು! ಜನ ಅಲ್ಲಿ ಓದಿ ನಕ್ಕು ಇಲ್ಲಿಗೆ ಬಂದರು, ಇಲ್ಲಿ ಓದಿ ನಕ್ಕು ಅಲ್ಲಿಗೆ ಹೋದರು. ಯಾವುದೋ ಪತ್ರಿಕೆಯಲ್ಲಿ ಬಂತು. ಬಸ್ಸುಗಳು ಬರತೊಡಗಿದವು. ಥಾರ್ಲ್‌ಬಿಗೆ ಹೊರಟ ಬಸ್ಸುಗಳೂ ಊಟಕ್ಕೆ ಇಲ್ಲಿ ನಿಂತವು. ಬಿಳಿ ಜಿಂಕೆ ಹೋಟೆಲಿನ ನಮ್ಮ ನೋರ್ಮನ್ ಟಪ್ಲಿನ್ ಅವರು, ಅಲ್ಲಿದ್ದಾರೆ, ಕಂಬದ ಹಿಂದೆ ಅಡಗಿದರೂ ಹೊಟ್ಟೆ ಕಾಣುತ್ತದೆ, ಅವರು ಒಂದು ಪ್ರವಾಸೋದ್ಯಮ ಸಮಿತಿ ಮಾಡಿದರು. ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳು ಬಂದವು. ಅಕ್ಕನ ಪಕ್ಷದವರಿಗೆ “ಗಾಜು”, ತಂಗಿಯ ಪಕ್ಷದವರಿಗೆ “ಹಿಟ್ಟು”. ಬಿಸಿಲಿದ್ದ ದಿನ ಹಿಟ್ಟಿನವರು ಹೆಚ್ಚು. ಮಳೆ ಬಂದರೆ ವಸ್ತುಸಂಗ್ರಹಾಲಯದಲ್ಲಿ ನಿಲ್ಲಬೇಕಾದ್ದರಿಂದ ಗಾಜಿನವರು ಹೆಚ್ಚು.

ಒಮ್ಮೆ ನಾನು ಸಮಿತಿಯಲ್ಲಿ ಎದ್ದು, ಇಬ್ಬರನ್ನೂ ಕೂರಿಸಿ ಮಾತಾಡಿಸೋಣವೇ ಎಂದೆ. ನೋರ್ಮನ್ ನನ್ನನ್ನು ಹೊರಗೆ ಕರೆದುಕೊಂಡು ಹೋದರು.

“ರೋಲಂಡ್, ನಿಂಗೇನು ತಲೆ ಕೆಟ್ಟಿದ್ಯಾ? ಅವರಿಬ್ರೂ ರಾಜಿಯಾದ್ರೆ ನಾವು ಏನು ತೋರಿಸೋಣ? ಬೆಣ್ಣೆಕಟ್ಟೇನಾ? ಅಲ್ಲಿ ಪಾರಿವಾಳ ಬಿಟ್ರೆ ಏನಯ್ಯಾ ಇದೆ?”

“ಅವಳು ನನ್ನ ಹೆಂಡ್ತಿ, ನೋರ್ಮನ್.”

“ಅದಕ್ಕೇ ಹೇಳ್ತಿರೋದು. ಮನೆಯವರು ಮಧ್ಯೆ ಬಾಯಿ ಹಾಕ್ಬಾರ್ದು.”

ಪ್ರವಾಸಿಗಳು ಸಂಜೆ ಬಸ್ಸು ಹತ್ತಿ ಹೋಗುತ್ತಾರೆ. ಅವರಿಗೆ ಅದು ತಮಾಷೆ. ಬಸ್ಸು ಹೋದ ಮೇಲೆ ಊರಿನಲ್ಲಿ ಉಳಿಯುವವರು ಯಾರು? ಕ್ರಿಸ್ಮಸ್ ದಿನ ಥೆಲ್ಮಾ ಊಟದ ಮೇಜಿಗೆ ಮೂರು ತಟ್ಟೆ ಇಡುತ್ತಿದ್ದಳು. ಇಟ್ಟು, ಸ್ವಲ್ಪ ಹೊತ್ತು ನೋಡಿ, ಒಂದನ್ನು ತೆಗೆದು ಕಪಾಟಿನಲ್ಲಿಡುತ್ತಿದ್ದಳು. “ಲೆಕ್ಕ ತಪ್ತು,” ಎನ್ನುತ್ತಿದ್ದಳು. ನಮಗೆ ಮಕ್ಕಳಿಲ್ಲ. ಎರಡು ತಟ್ಟೆಯ ಲೆಕ್ಕ ಪ್ರತಿ ವರ್ಷ ತಪ್ಪುವುದುಂಟೇ? ಅತ್ತ ಬಂದೀಖಾನೆಗೆ ಇರುವುದು ಒಂದೇ ಕಿಟಕಿ. ಅದರಿಂದ ಕಾಣುವುದು ಬೇಕರಿಯ ಬಾಗಿಲೊಂದೇ. ಆ ಕಿಟಕಿಯ ಪಕ್ಕದಿಂದ ಮೇಜನ್ನು ಒಳಗೆ ಸರಿಸಿಕೊಡಲೇ, ಗಾಳಿ ಹೊಡೆಯುತ್ತದೆ ಎಂದು ನಾನು ಎಷ್ಟು ಸಲ ಕೇಳಿದೆ! “ಬೆಳಕು ಬೇಕು,” ಎನ್ನುತ್ತಿದ್ದರು ಏವಿಸ್. ಆ ಕಿಟಕಿಯಿಂದ ಬರುವ ಬೆಳಕಿನಲ್ಲಿ ಬೆಕ್ಕೂ ದಾರಿ ತಪ್ಪುತ್ತದೆ.

ಈಗ ಹೋದ ವರ್ಷದ ಬಾತಿನ ಸಂತೆಗೆ ಬರುತ್ತೇನೆ. ಸೆಪ್ಟೆಂಬರ್ ಕೊನೆಯ ಆ ದೊಡ್ಡ ಸಂತೆಯ ದಿನ ಬಾತಮ್ಮನ ಬಿಸ್ಕತ್ತು ಇಲ್ಲದಿದ್ದರೆ ಸಂತೆಯೇ ಅಲ್ಲ. ಬೆಳಿಗ್ಗೆ ನಾನು ಅಂಗಡಿಯ ಮುಂದೆ ಬಕೆಟ್ಟು ಜೋಡಿಸುತ್ತಿದ್ದೆ. ಬೇಕರಿಯಿಂದ ಒಂದು ಕೂಗು ಕೇಳಿಸಿತು. ಓಡಿದೆ. ಥೆಲ್ಮಾ ಕುದಿಯುವ ಕಾಕಂಬಿಯ ಪಾತ್ರೆಯನ್ನು ಒಬ್ಬಳೇ ಇಳಿಸಲು ಹೋಗಿದ್ದಳು. ಎರಡೂ ಕೈಗಳ ಮೇಲೆ ಸುರಿದಿತ್ತು. ತಣ್ಣೀರಿನಲ್ಲಿ ಕೈ ಅದ್ದಿಸಿ ಕೂರಿಸಿದೆ. ಪಕ್ಕದ ಬೀದಿಯ ನರ್ಸಮ್ಮ ಬಂದು ನೋಡಿ, ದೇವರು ದೊಡ್ಡವನು, ಆಳವಾಗಿಲ್ಲ ಎಂದು, ಎರಡೂ ಕೈಗೆ ದಪ್ಪನಾಗಿ ಹತ್ತಿಬಟ್ಟೆ ಸುತ್ತಿದರು. ಕುಸ್ತಿಗೆ ಹೊರಟವಳ ಕೈಯಂತೆ ಕಾಣುತ್ತಿತ್ತು. ನಾದಿದ ಹಿಟ್ಟು ಮೇಜಿನ ಮೇಲೆ ಗುಡ್ಡದಂತೆ ಬಿದ್ದಿತ್ತು. ಹೊರಗೆ ಸಂತೆ ತುಂಬುತ್ತಿತ್ತು. ಮೊದಲ ಬಸ್ಸು ಬಂದು ನಿಂತಿತ್ತು.

“ನಮ್ಮಕ್ಕಂಗೆ ಹೇಳು,” ಎಂದಳು ಥೆಲ್ಮಾ. ನಿಲ್ಲಿಸಿದಳು.

“ಏನು ಹೇಳ್ಲಿ?”

“ಏನೂ ಬೇಡ ಕಣೋ. ಏನೂ ಹೇಳ್ಬೇಡ. ಗೊತ್ತಾದ್ರೆ ಹೆದರ್ಕೋತಾಳೆ.”

ನಾನು ಬಯಲು ದಾಟಿದೆ. ಅಂದು ಟೈ ಇತ್ತೋ ಇಲ್ಲವೋ ನೆನಪಿಲ್ಲ. ಏವಿಸ್ ಖಾಲಿ ಪೆಟ್ಟಿಗೆಯ ಮುಂದೆ ನಿಂತು ಒಂದು ಬಸ್ಸಿನ ಜನಕ್ಕೆ ಪಾಠ ಹೇಳುತ್ತಿದ್ದರು. ನನ್ನನ್ನು ನೋಡಿದರು.

“ಏನಂತೆ ಅವಳದ್ದು?”

“ಏನೂ ಹೇಳ್ಬೇಡ ಅಂದ್ಲು.”

ಏವಿಸ್ ಅವರ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು. “ಥೆಲ್ಮಾ? ಏನೂ ಹೇಳ್ಬೇಡ ಅಂದ್ಲಾ? ಎಲ್ಲಿ ಗಾಯ ಆಗಿದೆ, ಹೇಳು!”

ನಾನು ಉತ್ತರ ಕೊಡುವಷ್ಟರಲ್ಲಿ ಅವರು ಬಾಗಿಲು ದಾಟಿಯಾಗಿತ್ತು. ಸಭಿಕರೇ, ಅಂದು ನಿಮ್ಮಲ್ಲಿ ಬಹಳ ಮಂದಿ ಬಯಲಿನಲ್ಲಿದ್ದಿರಿ, ನೋಡಿದ್ದೀರಿ. ಏವಿಸ್ ಗಾರ್ತ್ ಬಯಲಿಗೆ ಕಾಲಿಟ್ಟರು. ಚೀಸ್ ಮಾರುವವರು ಚಾಕು ಕೆಳಗಿಟ್ಟರು. ಆಲೂಗಡ್ಡೆಯವನು ಕೂಗುವುದನ್ನು ನಿಲ್ಲಿಸಿದ. ಬಾತುಗಳು ಮಾತ್ರ ಅರಚಿದವು. ಪ್ರವಾಸಿಗಳು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಕ್ಯಾಮೆರಾ ಹಿಡಿದು ಹಿಂದೆಯೇ ಬಂದರು. ನೋರ್ಮನ್ ಹೋಟೆಲಿನಿಂದ ಓಡಿ ಬಂದು ಅಡ್ಡ ನಿಂತರು.

“ಏವಿಸ್, ಎಲ್ಲಿಗೆ? ಇವತ್ತೇ ಆಗ್ಬೇಕಾ ಇದು? ಇನ್ನೂ ಬಸ್ಸು ಬರೋದಿದೆ!”

“ಪಕ್ಕಕ್ಕೆ ಸರಿ, ನೋರ್ಮನ್.”

ನೋರ್ಮನ್ ಸರಿದರು. ಅಷ್ಟು ಬೇಗ ಅವರು ಸರಿದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಏವಿಸ್ ಬೇಕರಿಯೊಳಗೆ ಬಂದು ತಂಗಿಯ ಕೈ ನೋಡಿದರು. ಇಷ್ಟು ವರ್ಷಗಳ ಮೇಲೆ ಮೊದಲ ಮಾತು ಏನು ಬರಬಹುದು? ಕ್ಷಮಿಸು ಎಂದರೇ? ಅಳುತ್ತ ಅಪ್ಪಿಕೊಂಡರೇ? ಇಲ್ಲ. ನೀವು ಏವಿಸ್ ಅವರನ್ನು ಬಲ್ಲಿರಿ.

“ಕಾಕಂಬಿ ಪಾತ್ರೆ ಒಬ್ಬಳೇ ಎತ್ಬೇಡ ಅಂತ ಅಪ್ಪ ಎಷ್ಟು ಸಲ ಹೇಳಿರ್ಲಿಲ್ಲ?”

“ಅಪ್ಪ ಹೇಳಿದಾಗ ನಾವು ಇಬ್ರಿದ್ವಿ,” ಎಂದಳು ಥೆಲ್ಮಾ.

ಏವಿಸ್ ಗೂಟದಿಂದ ಮಾವನವರ ಹಳೆಯ ಏಪ್ರನ್ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ಕೈ ತೊಳೆದರು. ಗೋಡೆಯಿಂದ ಬಾತಮ್ಮನನ್ನು ಇಳಿಸಿದರು.

“ಮೊದ್ಲು ಒಣಹಿಟ್ಟು ಉದುರಿಸು,” ಎಂದಳು ಥೆಲ್ಮಾ.

“ನಂಗೊತ್ತು.”

“ಕಿರೀಟದ ಹತ್ರ ಜಾಸ್ತಿ. ಅಲ್ಲಿ ಕಚ್ಕೊಳ್ಳುತ್ತೆ.”

“ನೀನು ಹುಟ್ಟೋಕೆ ಮುಂಚಿನಿಂದ ಕಚ್ಕೊಳ್ತಿತ್ತು. ನಂಗೊತ್ತು.”

ಒತ್ತಿದರು. ತಿರುವಿ ತಟ್ಟಿದರು. ಬಾತಮ್ಮ ಕಿರೀಟ, ಬುಟ್ಟಿ, ಬಾತಿನ ರೆಕ್ಕೆ ಎಲ್ಲ ಸಮೇತ ತಟ್ಟೆಯ ಮೇಲೆ ಬಂದು ಮಲಗಿದಳು. ಥೆಲ್ಮಾ ತನ್ನ ಹತ್ತಿಯ ಕೈಯಿಂದ ಆ ಕಡೆ ಈ ಕಡೆ ತೋರಿಸುತ್ತ ಅಪ್ಪಣೆ ಕೊಟ್ಟಳು. ಏವಿಸ್ ಒಂದೊಂದು ಅಪ್ಪಣೆಗೂ ಎದುರುತ್ತರ ಕೊಟ್ಟು, ಹೇಳಿದಂತೆಯೇ ಮಾಡಿದರು. ನಾನು ಭಟ್ಟಿಗೆ ತಟ್ಟೆ ಹಾಕಿ ತೆಗೆದೆ. ಮೊದಲ ಬಿಸಿ ಬಿಸ್ಕತ್ತು ಹೊರಗೆ ಹೋಯಿತು. ಜನ ಬಾಗಿಲಿನಿಂದ ಬೆಣ್ಣೆಕಟ್ಟೆಯವರೆಗೂ ನಿಂತಿದ್ದರು. ಇಬ್ಬರ ಮೂಗಿನ ಮೇಲೂ ಹಿಟ್ಟು. ಜಗಳವೋ ಜಗಳ. ನನಗೆ ಅದಕ್ಕಿಂತ ಇಂಪಾದ ಸದ್ದು ನೆನಪಿಲ್ಲ.

ಆಮೇಲೆ ಟಕ್ ಎಂದಿತು.

ಅಷ್ಟೇ. ಒಣಕಡ್ಡಿ ಮುರಿದಂತೆ. ಏವಿಸ್ ಅವರ ಎರಡು ಕೈಯಲ್ಲಿ ಎರಡು ತುಂಡು. ಒಂದರಲ್ಲಿ ಬಾತು, ಒಂದರಲ್ಲಿ ಅಮ್ಮ.

ಬಾಗಿಲಲ್ಲಿದ್ದ ನೋರ್ಮನ್ ತಲೆಯ ಟೋಪಿ ತೆಗೆದರು. ಏವಿಸ್ ಅವರ ಮುಖ ಹಿಟ್ಟಿಗಿಂತ ಬೆಳ್ಳಗಾಗಿತ್ತು. “ನಾನೇ,” ಎಂದರು. “ಒಡೆಯುತ್ತೆ ಅಂತ ಹೇಳ್ತಿದ್ದೋಳು ನಾನೇ. ನನ್ನ ಕೈಯಲ್ಲೇ.”

ನಾನು ಥೆಲ್ಮಾಳನ್ನು ನೋಡಿದೆ. ಅವಳ ಬಾಯಲ್ಲಿ ಆ ಹೊತ್ತಿಗೆ ಎಷ್ಟು ವರ್ಷಗಳ ಮಾತು ಸಿದ್ಧವಾಗಿತ್ತೋ ನನಗಷ್ಟೇ ಗೊತ್ತು, ಅದನ್ನೆಲ್ಲ ನನ್ನ ಮೇಲೆ ಅಭ್ಯಾಸ ಮಾಡಿದ್ದಳಲ್ಲ! ಅವಳು ಎದ್ದು ಬಂದು, ಹತ್ತಿ ಸುತ್ತಿದ ಎರಡೂ ಕೈಯನ್ನು ಅಕ್ಕನ ಹೆಗಲ ಮೇಲಿಟ್ಟಳು.

“ಒಳ್ಳೇದಾಯ್ತು ಬಿಡೇ. ನನ್ನ ಕೈಲಿ ಒಡೆದಿದ್ರೆ ನೀನು ಸಾಯೋವರೆಗೂ ಬಿಡ್ತಿದ್ಯಾ?”

ಏವಿಸ್ ನಕ್ಕರು. ಮೊದಲು ಸ್ವಲ್ಪ, ಆಮೇಲೆ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಹರೆಯದಲ್ಲಿ ಆ ನಗು ಒಮ್ಮೆ ಕಾಣಲೆಂದು ನಾನು ಎಷ್ಟು ಬಿಸ್ಕತ್ತು... ಇರಲಿ. ಕಬ್ಬಿಣದ ಅಂಗಡಿಯವನ ಬುದ್ಧಿ ಓಡಿತು. ಅಂಗಡಿಗೆ ಓಡಿ ನಾಲ್ಕು ತಿರುಪು, ಒಂದು ತಗಡಿನ ಪಟ್ಟಿ ತಂದೆ. ಹಿಂಬದಿಯಿಂದ ಬಿಗಿದರೆ ಗೊತ್ತೂ ಆಗುವುದಿಲ್ಲ ಎಂದೆ.

“ಮುಟ್ಬೇಡ!” ಎಂದರು ಇಬ್ಬರೂ ಒಟ್ಟಿಗೆ.

ಉಳಿದ ಹಿಟ್ಟನ್ನು ಅಂದು ಅವರು ಕೈಯಿಂದಲೇ ತಟ್ಟಿದರು. ಏವಿಸ್ ಮಾಡಿದ ಬಾತು ಕುರಿಯಂತಿತ್ತು, ಥೆಲ್ಮಾ ಬಾಯಲ್ಲಿ ಹೇಳಿ ಮಾಡಿಸಿದ್ದು ಬೂಟಿನಂತಿತ್ತು. ಅವೇ ಮೊದಲು ಖರ್ಚಾದವು.

ಈಗ ಗಾಜಿನ ಪೆಟ್ಟಿಗೆ ಖಾಲಿಯಿಲ್ಲ. ಹಸಿರು ಮಖಮಲ್ಲಿನ ಮೇಲೆ ಎರಡು ತುಂಡುಗಳಿವೆ. ಮುಂದಿನ ಫಲಕವನ್ನು ಏವಿಸ್ ತಾವೇ ಬರೆದರು: “ಬಾತಮ್ಮ. ಕೆಲಸ ಮಾಡುತ್ತಿದ್ದಾಗ, ಈ ಸಂಗ್ರಹಾಲಯದ ಪಾಲಕಿಯ ಕೈಯಲ್ಲಿ ಮುರಿದದ್ದು.” ಬೇರೆ ಏನನ್ನೂ ಸೇರಿಸಲು ಅವರು ಒಪ್ಪಲಿಲ್ಲ. ಬೇಕರಿಗೆ ಹೊಸ ಅಚ್ಚು ಬಂದಿದೆ. ಹೊಸ ಬಾತಮ್ಮನ ಮುಖ ನಮ್ಮ ಅಧ್ಯಕ್ಷರನ್ನು ಹೋಲುತ್ತದೆಂದು ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ.

ಬಸ್ಸುಗಳು? ಆ ಚಳಿಗಾಲ ಕಡಿಮೆಯಾದವು. ನೋರ್ಮನ್ ಅವರು ನನ್ನ ಜೊತೆ ವಸಂತದವರೆಗೂ ಸರಿಯಾಗಿ ಮಾತಾಡಲಿಲ್ಲ. ಜಗಳ ನೋಡಲು ಬರುತ್ತಿದ್ದವರು ಥಾರ್ಲ್‌ಬಿಗೆ ಹೋದರು, ಲೇಕಾಕ್ ಅವರೇ, ಒಳ್ಳೆಯದಾಗಲಿ. ಆದರೆ ಸಂತೆಗೆ ಬರುವವರು ಬರುತ್ತಿದ್ದಾರೆ, ಮುರಿದ ಅಚ್ಚಿನ ಮುಂದೆ ಸುಮ್ಮನೆ ನಿಂತು ನೋಡಿ, ಎದುರಿಗೆ ಬಂದು ಬಿಸ್ಕತ್ತು ಕೊಂಡು, ಬೆಣ್ಣೆಕಟ್ಟೆಯ ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತಿದ್ದಾರೆ. ಪಾರಿವಾಳಗಳಿಗೂ ಅದೇ ಬೇಕಿತ್ತು.

ನಿವೃತ್ತರಾದ ಮೇಲೆ ಏವಿಸ್ ಅವರು ಏನು ಮಾಡುತ್ತಾರೆ? ಇದು ನಿಮ್ಮೆಲ್ಲರ ಪ್ರಶ್ನೆ. ಇಷ್ಟು ವರ್ಷ ಪರವೂರಿನವರಿಗೆ ನಮ್ಮ ಊರು ತೋರಿಸಿದವರು, ಬೇರೆ ಸಂತೆ ಪಟ್ಟಣವೊಂದನ್ನೂ ತಾವು ಕಣ್ಣಾರೆ ನೋಡಿಲ್ಲ. ಪುಸ್ತಕದಲ್ಲಿ ಎಲ್ಲವನ್ನೂ ನೋಡಿದ್ದಾರೆ. ಈಗ ಅಕ್ಕತಂಗಿಯರಿಬ್ಬರೂ ಪ್ರವಾಸಿ ಬಸ್ಸಿನಲ್ಲಿ ಜಾಗ ಹಿಡಿದಿದ್ದಾರೆ. ನಾಳೆ ಬೆಳಿಗ್ಗೆ ಹೊರಡುತ್ತಾರೆ. ಊರಿಂದೂರಿಗೆ, ಸಂತೆಯಿಂದ ಸಂತೆಗೆ. ಒಬ್ಬರು ಅಲ್ಲಿನ ಸಂಗ್ರಹಾಲಯಗಳಲ್ಲಿ ತಪ್ಪು ಹುಡುಕುತ್ತಾರೆ, ಇನ್ನೊಬ್ಬಳು ಅಲ್ಲಿನ ಬೇಕರಿಗಳಲ್ಲಿ. ಆ ಊರುಗಳ ಬಗ್ಗೆ ನನಗೆ ಮರುಕವಿದೆ.

ನಾನೂ ಬರಲೇ ಎಂದು ಕೇಳಿದೆ. ಥೆಲ್ಮಾ ಬಟ್ಟೆ ಮಡಿಸುತ್ತ ಹೇಳಿದಳು: “ನೀನು ಬಂದ್ರೆ ನಾವು ಮತ್ತೆ ನಿನ್ನ ಮೂಲಕ ಮಾತಾಡೋಕೆ ಶುರು ಮಾಡ್ತೀವಿ. ನೀನು ಮನೇಲಿರಪ್ಪ.”

ಮನೆಯಲ್ಲಿರುತ್ತೇನೆ. ಸುಮ್ಮನೆ ಅಲ್ಲ. ಪಾಲಕರ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರದ ಕಾರಣ, ಹೊಸಬರು ಸಿಗುವ ತನಕ ಬಂದೀಖಾನೆಯ ಬೀಗದ ಕೈ ನನ್ನ ಬಳಿ ಇರುತ್ತದೆ. ಮೊನ್ನೆ ಅದನ್ನು ಕೊಡುವಾಗ ಏವಿಸ್ ಅವರು ನನ್ನ ಮುಖ ನೋಡಿ ಹೇಳಿದರು: “ರೋಲಂಡ್, ಯಾರಾದ್ರೂ ಏನಾದ್ರೂ ಕೇಳಿದ್ರೆ, ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಕಥೆ ಕಟ್ಬೇಡ.” ನಾನು ಆಗಲಿ ಎಂದೆ. ಕಥೆ ಕಟ್ಟುವುದಿಲ್ಲ, ಏವಿಸ್. ನಡೆದದ್ದನ್ನೇ ಹೇಳಲು ಇಷ್ಟೊಂದಿರುವಾಗ ಕಟ್ಟುವುದೇಕೆ?

ಪುರಸಭೆಯ ಪರವಾಗಿ ಒಂದು ಪ್ರಯಾಣದ ಚೀಲವನ್ನು ಅಧ್ಯಕ್ಷರು ಈಗ ಅವರಿಗೆ ಕೊಡಲಿದ್ದಾರೆ. ಸಭಾಂಗಣ ಬೆಚ್ಚಗೆ ಮಾಡಿದವರಿಗೆ, ಹೂವಿನವರಿಗೆ, ಅಡುಗೆಯವರಿಗೆ, ಇಷ್ಟು ಹೊತ್ತು ಹಸಿವು ತಡೆದು ಕೂತ ನಿಮಗೆಲ್ಲ ನನ್ನ ವಂದನೆಗಳು. ಏವಿಸ್ ಅವರ ಬಗ್ಗೆ ಇನ್ನೂ ನಾಲ್ಕು ಮಾತು ಬರೆದುಕೊಂಡು ಬಂದಿದ್ದೆ, ಒಳ್ಳೆಯ ಮಾತುಗಳೇ.

ಆದರೆ ನೋಡಿ, ಮುಂದಿನ ಸಾಲಿನಲ್ಲಿ ಅವರಿಬ್ಬರೂ ಬಹಳ ಹೊತ್ತಿನಿಂದ ನನ್ನ ಭಾಷಣ ಕೇಳುತ್ತಿಲ್ಲ. ತಲೆಗೆ ತಲೆ ತಾಗಿಸಿ ಏನೋ ಪಿಸುಗುಟ್ಟುತ್ತಿದ್ದಾರೆ. ನಾಳೆಯ ಬುತ್ತಿಯ ಬಗ್ಗೆಯೋ, ನನ್ನ ಟೈ ಬಗ್ಗೆಯೋ, ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅವರು ಮಾತಾಡುತ್ತಿದ್ದಾರೆ. ನಡುವೆ ನನ್ನ ದನಿ ಏಕೆ? ನಾನು ಧ್ವನಿವರ್ಧಕ ಆರಿಸಿ ಮೆಲ್ಲಗೆ ಕುಳಿತುಕೊಳ್ಳುತ್ತೇನೆ. ನೀವೂ ಚಪ್ಪಾಳೆಯನ್ನು ಸ್ವಲ್ಪ ಸಣ್ಣಗೆ ತಟ್ಟಿ.

ನಮಸ್ಕಾರ.